ಉಲ್ಟಾ ಟೀಚರ್ ಫೋಟೋ ತೆಗೆದದ್ದು

ಹೊಲಿಗೆ ಟೀಚರಿಗೆ ಒಂದು ಕೆಟ್ಟ ಚಾಳಿ ಇತ್ತು. ಯಾರೇ ಎದುರಿಗೆ ಬರಲಿ, ಮುಖ ನೋಡುವ ಮೊದಲು ಅವರ ಅಂಗಿಯ ಅಂಚು ಹಿಡಿದು ತಿರುವಿ ಒಳಗಡೆಯ ಹೊಲಿಗೆ ನೋಡಬೇಕು. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರು, ಬ್ಯಾಂಕಿನ ಸಾಲಿನಲ್ಲಿ ನಿಂತವರ ತೋಳು, ಕೊನೆಗೆ ತಮ್ಮ ಕಣ್ಣು ಪರೀಕ್ಷೆ ಮಾಡುತ್ತಿದ್ದ ಡಾಕ್ಟರ ಬಿಳಿ ಕೋಟು ಕೂಡ ಇವರ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಗೋಡೆಯ ಮೇಲಿನ ಅಕ್ಷರ ಓದಿ ಎಂದು ಡಾಕ್ಟರು ಹೇಳಿದರೆ ಇವರು, "ಅದಿರ್ಲಿ ಸಾರ್, ಈ ಜೇಬಿನ ಹೊಲಿಗೆ ನೋಡಿ, ಇನ್ನೊಂದು ಸಲ ಒಗೆದ್ರೆ ಕಿತ್ತು ಕೈಗೆ ಬರುತ್ತೆ" ಅಂದರಂತೆ. ಡಾಕ್ಟರು ಅಲ್ಲಿಗೇ ಪರೀಕ್ಷೆ ನಿಲ್ಲಿಸಿ, ಕಣ್ಣು ಬೇಕಾದ್ದಕ್ಕಿಂತ ಚೆನ್ನಾಗಿದೆ ಎಂದು ಬರೆದುಕೊಟ್ಟು ಕಳಿಸಿದರು.

ಇಪ್ಪತ್ತೇಳು ವರ್ಷದಿಂದ ಅವರು ಸಮುದಾಯ ಭವನದ ಮಹಡಿಯ ಕೋಣೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಕಾಲಲ್ಲಿ ತುಳಿಯುವ ಆರು ಮಿಷಿನ್ನು, ಇಬ್ಬರು ಮಲಗುವಷ್ಟು ದೊಡ್ಡ ಕಟಿಂಗ್ ಟೇಬಲ್ಲು, ಇಸ್ತ್ರಿ ಮಾಡಲು ಒಂದು ಮೂಲೆ, ಬೀದಿಯ ಕಡೆಗೆ ಒಂದು ಅಗಲವಾದ ಕಿಟಕಿ. ಯಾರು ಏನೇ ಹೊಲಿದು ಮುಗಿಸಿದರೂ ಅದನ್ನು ಒಳಗಿನದು ಹೊರಗೆ ಮಾಡಿಯೇ ಟೇಬಲ್ಲಿನ ಮೇಲೆ ಹಾಸಬೇಕು. "ಇಸ್ತ್ರಿ ಹಾಕಿದ್ರೆ ಕಳ್ಳನೂ ಸಾಹೇಬನ ಥರ ಕಾಣ್ತಾನೆ. ಒಳಗಡೆ ತೋರಿಸಮ್ಮ" ಎನ್ನುವುದು ಅವರ ಮಾತು. ಹೊಲಿಗೆ ಒಂದು ಎಳೆ ಸೊಟ್ಟ ಇದ್ದರೂ ತುಟಿ ಪಿಟಕ್ಕೆನ್ನದೆ ಸಣ್ಣ ಕತ್ತರಿ ತೆಗೆದು ಪೂರ್ತಿ ಬಿಚ್ಚಿ ಕೈಗೆ ಕೊಡುತ್ತಿದ್ದರು. ಹೀಗಾಗಿ ಅವರಿಗೆ ಉಲ್ಟಾ ಟೀಚರ್ ಎಂದು ಹೆಸರು ಬಿದ್ದಿತ್ತು. ಅದು ಅವರ ಕಿವಿಗೂ ಬಿದ್ದಿತ್ತು. ಕೋಪ ಮಾಡಿಕೊಳ್ಳಲಿಲ್ಲ. ಹೆಸರಿಟ್ಟವರು ಯಾರೋ ಬುದ್ಧಿವಂತರು ಎಂದು ಒಳಗೊಳಗೇ ಖುಷಿಪಟ್ಟರು.

ಒಂದು ತಿಂಗಳ ಮೊದಲ ದಿನ ಭವನದ ಕಾರ್ಯದರ್ಶಿ ಮಹಡಿ ಹತ್ತಿ ಬಂದರು. ಅವರು ಮೆಟ್ಟಿಲು ಹತ್ತುವವರಲ್ಲ, ಹತ್ತಿದ್ದಾರೆ ಅಂದರೆ ಏನೋ ಇದೆ ಎಂದು ಟೀಚರಿಗೆ ಆಗಲೇ ಗೊತ್ತಾಯಿತು.

"ಟೀಚರ್, ತಪ್ಪು ತಿಳೀಬೇಡಿ. ಕೆಳಗಡೆ ಹಾಲಿಗೆ ಮುನ್ನೂರು ಹೊಸ ಪ್ಲಾಸ್ಟಿಕ್ ಕುರ್ಚಿ ಬರ್ತಾ ಇದೆ. ಇಡೋಕೆ ಜಾಗ ಇಲ್ಲ. ನಿಮ್ಮಲ್ಲಿ ಈಗ ಇರೋದು ನಾಲ್ಕೇ ಜನ."

"ನಾಲ್ಕು ಜನ ಮನುಷ್ಯರು ಕುರ್ಚಿಗಿಂತ ಕಡಿಮೆಯಾ ಸಾರ್?"

"ಒಂದು ಕುರ್ಚಿಗಿಂತ ಜಾಸ್ತಿ. ಮುನ್ನೂರಕ್ಕಿಂತ ಕಡಿಮೆ."

ಕಾರ್ಯದರ್ಶಿ ಕೆಟ್ಟವರೇನಲ್ಲ, ಎಣಿಸುವವರು. ಈ ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ತಾವೇ ಬಂದು ತಲೆ ಎಣಿಸುವುದಾಗಿ ಹೇಳಿದರು. ಹತ್ತು ತಲೆ ಇದ್ದರೆ ಕೋಣೆ ಹೊಲಿಗೆಗೆ, ಇಲ್ಲದಿದ್ದರೆ ಕುರ್ಚಿಗೆ. ಪುಸ್ತಕದಲ್ಲಿ ಬರೆದ ಹೆಸರು ನಡೆಯುವುದಿಲ್ಲ, ಆಸಾಮಿ ಎದುರಿಗೇ ನಿಂತು ಸಹಿ ಹಾಕಬೇಕು. ಹೀಗೆ ಷರತ್ತು ಹಾಕಲು ಕಾರಣವಿತ್ತು. ಹೋದ ವರ್ಷ ಟೀಚರು ತೋರಿಸಿದ ಹನ್ನೊಂದು ಹೆಸರಿನಲ್ಲಿ ಇಬ್ಬರು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದರು, ಒಬ್ಬಳು ತನ್ನದೇ ಹೊಲಿಗೆ ಅಂಗಡಿ ತೆರೆದು ಆರು ವರ್ಷವಾಗಿತ್ತು. ಟೀಚರಿಗೆ ಯಾರ ಹೆಸರನ್ನೂ ಹೊಡೆದು ಹಾಕಲು ಮನಸ್ಸು ಬರುತ್ತಿರಲಿಲ್ಲ.

"ಈಗೆಲ್ಲ ಜನ ಬರೋದು ಫೋನ್ ನೋಡ್ಕೊಂಡೇ. ಭವನದ ಆನ್‌ಲೈನ್ ಪುಟ ಇದೆಯಲ್ಲ, ಅದರಲ್ಲಿ ನಿಮ್ಮ ತರಗತಿಯ ಫೋಟೋ ಹಾಕಿ" ಎಂದು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಕಾರ್ಯದರ್ಶಿ ಇಳಿದು ಹೋದರು.

ಟೀಚರು ಇದ್ದದ್ದು ತಮ್ಮನ ಮನೆಯಲ್ಲಿ. ಅಲ್ಲಿ ಅವರಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಕೂರಲು ಹಗಲಿಡೀ ಸೋಫಾ ಇತ್ತು, ನೋಡಲು ಟೀವಿ ಇತ್ತು. ಅದೇ ಅವರ ಭಯ. ಬೆಳಿಗ್ಗೆ ಎದ್ದು ತಲೆ ಬಾಚಿ ಹೋಗಲು ಒಂದು ಜಾಗ, ಅಲ್ಲಿ ಬೈಯಲು ನಾಲ್ಕು ಜನ ಇಲ್ಲದಿದ್ದರೆ ತಾವು ಬೇಗ ಮುದುಕಿಯಾಗುತ್ತೇವೆ ಎಂದು ಐವತ್ತಾರು ವರ್ಷದ ಆ ಹೆಂಗಸಿಗೆ ನಿಜಕ್ಕೂ ಅಂಜಿಕೆಯಾಯಿತು. ಮರುದಿನವೇ ಫೋಟೋ ತೆಗೆಯಲು ನಿಂತರು.

ಫೋಟೋ ಎಂದರೆ ಅಡ್ಡ ಇರಬೇಕು ಎಂಬುದು ಅವರ ತಿಳಿವಳಿಕೆ. ಅವರು ಕಂಡ ಒಳ್ಳೆಯ ಫೋಟೋಗಳೆಲ್ಲ ಅಡ್ಡವೇ. ಶಾಲೆಯ ಗ್ರೂಪ್ ಫೋಟೋ ಅಡ್ಡ, ಮದುವೆ ಆಲ್ಬಮ್ಮು ಅಡ್ಡ, ಕ್ಯಾಲೆಂಡರಿನ ಬೆಟ್ಟ ನದಿ ಅಡ್ಡ. ಮೇಲಾಗಿ ಟೇಬಲ್ಲೂ ಅಡ್ಡಕ್ಕೇ ಉದ್ದ. ಅವರು ಸ್ಟೂಲಿನ ಮೇಲೆ ಹತ್ತಿ, ಫೋನನ್ನು ಮಲಗಿಸಿ, ಎರಡೂ ಕೈಯಲ್ಲಿ ತಟ್ಟೆ ಹಿಡಿದಂತೆ ಹಿಡಿದು, ತಮ್ಮ ಕೈಯಾರೆ ಹೊಲಿದ ಅಂಗಿಯ ಫೋಟೋ ತೆಗೆದರು. ಅಂಗಿಯನ್ನು ಹೇಗೆ ಹಾಸಿದ್ದರು ಎಂದು ಬೇರೆ ಹೇಳಬೇಕೇ? ಒಳಗಿನದು ಹೊರಗೆ. ಇಡೀ ಅಂಗಿಯಲ್ಲಿ ಒಂದು ದಾರದ ತುದಿ ಕಾಣದಂತೆ ಅಂಚುಗಳನ್ನು ಒಳಮಡಚಿ ಎರಡೆರಡು ಸಲ ಹೊಲಿದಿದ್ದರು. ಅದನ್ನು ಬಿಟ್ಟು ಹೊರಗಡೆಯ ನೀಲಿ ಗೆರೆ ತೋರಿಸಿದರೆ ಅದರಲ್ಲಿ ತಮ್ಮದೇನು, ಅದು ಬಟ್ಟೆ ನೇಯ್ದವನದು. ಫೋಟೋದ ಕೆಳಗೆ ಬರೆದರು: "ತೋಳು ಕೂಡಿಸಿದ ಜಾಗ ಗಮನಿಸಿ."

ಆಮೇಲೆ ಕೋಟಿನ ಒಳಭಾಗ. "ಜೇಬಿನ ಮೂಲೆ ಗಮನಿಸಿ." ಫ್ರಾಕಿನ ಒಳಭಾಗ. "ನಡುವಿನ ಮಡಿಕೆ ಗಮನಿಸಿ." ಒಂದು ವಾರದಲ್ಲಿ ಹನ್ನೊಂದು ಫೋಟೋ ಹಾಕಿದರು. ಯಾರೂ ಏನೂ ಗಮನಿಸಲಿಲ್ಲ. ಪ್ರತಿಯೊಂದಕ್ಕೂ ನಾಲ್ಕು ಲೈಕು. ನಾಲ್ಕೂ ಅವರ ವಿದ್ಯಾರ್ಥಿಗಳದೇ. ಒಬ್ಬ ನರ್ಸಮ್ಮ, ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬರು, ಅಕ್ಕ ತಂಗಿ ಇಬ್ಬರು. ನಮ್ಮ ಫೋಟೋಗೆ ನಾವೇ ಲೈಕ್ ಒತ್ತಬಹುದು ಎಂದು ಗೊತ್ತಾದ ಮೇಲೆ ಅದು ಐದಾಯಿತು.

ಎಂಟನೇ ದಿನ ಒಂದು ಪ್ರಶ್ನೆ ಬಂತು. "ಹಳೆ ಬಟ್ಟೆ ತಂದರೆ ಆಗುತ್ತಾ? ಎಷ್ಟು ಗಂಟೆಗೆ ಬರಬೇಕು?"

ಟೀಚರು ಕುಣಿದಾಡುವುದೊಂದು ಬಾಕಿ. ಕಲಿಯುವವರು ಹಳೆಯ ಬಟ್ಟೆಯ ಮೇಲೇ ಕೈ ತಿದ್ದಿಕೊಳ್ಳಬೇಕು, ಹೊಸ ಬಟ್ಟೆ ಹಾಳು ಮಾಡಬಾರದು. ಕೇಳಿದವರು ಯಾರೋ ಜಾಣರು ಎಂದುಕೊಂಡರು. "ಹಳೆಯದೇ ಒಳ್ಳೆಯದು. ಹತ್ತರಿಂದ ಐದರವರೆಗೆ ಬನ್ನಿ. ನಿಮ್ಮವರಿಗೂ ಹೇಳಿ" ಎಂದು ಉತ್ತರ ಹಾಕಿದರು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಕೋಣೆಯ ಬಾಗಿಲಿಗೆ ಒರಗಿಸಿ ಏಳು ಮೂಟೆ ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡಾಯಿತು. ತಂದವರು ಮೂಟೆ ಇಳಿಸಿ, "ಒಳ್ಳೆ ಕೆಲಸ ಮಾಡ್ತಿದೀರಿ ಮೇಡಂ, ಬಡವರಿಗೆ ಮುಟ್ಟಿದ್ರೆ ಸಾಕು" ಎಂದು ಕೈಮುಗಿದು ಹೊರಟೇ ಹೋಗುತ್ತಿದ್ದರು. ಒಬ್ಬರ ಮೂಟೆಯಲ್ಲಿ ಪರದೆ, ಒಬ್ಬರದರಲ್ಲಿ ದಿಂಬಿನ ಚೀಲ, ಇನ್ನೊಬ್ಬರದರಲ್ಲಿ ಒಂಟಿ ಕಾಲುಚೀಲಗಳು ಮಾತ್ರ.

ಸಂಜೆ ಅತ್ತೆಯನ್ನು ಕರೆದುಕೊಂಡು ಹೋಗಲು ಬಂದ ತಮ್ಮನ ಮಗಳು ಮೂಟೆ ದಾಟಿ ಒಳಗೆ ಬಂದಳು. ಒಂದು ಚಪ್ಪಲಿ ಅಂಗಡಿಯ ಆನ್‌ಲೈನ್ ಪುಟ ನೋಡಿಕೊಳ್ಳುವುದು ಅವಳ ಕೆಲಸ. ದಿನವಿಡೀ ಚಪ್ಪಲಿಯ ಫೋಟೋ ತೆಗೆಯುವುದು, ಯಾವುದನ್ನು ನೋಡಲು ಎಷ್ಟು ಜನ ನಿಂತರು ಎಂದು ಎಣಿಸುವುದು. ಅತ್ತೆ ಹಾಕಿದ ಹನ್ನೊಂದು ಫೋಟೋಗಳನ್ನು ಬೆರಳಿನಲ್ಲಿ ಸರಿಸಿ ನೋಡಿದವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

"ಅತ್ತೆ, ಇದು ಹೊಲಿಗೆ ಕ್ಲಾಸಿನ ಥರ ಇಲ್ಲ. ಯಾರೋ ಬಟ್ಟೆ ಬಿಚ್ಚಿ ಎಸೆದು ಸ್ನಾನಕ್ಕೆ ಹೋದ ಹಾಗಿದೆ!"

"ಒಳಹೊಲಿಗೆ ನೋಡೇ ಮೊದಲು."

"ಹೇಗೆ ನೋಡ್ಲಿ? ಇಲ್ಲಿ ನೋಡಿ." ಅವಳು ಫೋನನ್ನು ಅತ್ತೆಯ ಮುಖದ ಮುಂದೆ ಹಿಡಿದಳು. ಉದ್ದಕ್ಕೆ ನಿಂತ ಫೋನಿನ ನಡುವೆ ಅಡ್ಡ ಫೋಟೋ ಬೆಂಕಿಪೊಟ್ಟಣದಷ್ಟಾಗಿ ಕೂತಿತ್ತು. ಮೇಲೂ ಕೆಳಗೂ ಬೇರೆಯವರ ಫೋಟೋ. "ಜನ ಫೋನನ್ನ ನಿಲ್ಲಿಸಿ ಹಿಡೀತಾರೆ ಅತ್ತೆ, ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಕಾಫಿ ಇರುತ್ತೆ. ನಿಮ್ಮ ಅಂಗಿ ನೋಡೋಕೆ ಅಂತ ಫೋನ್ ತಿರುಗಿಸ್ತಾರಾ? ಒಂದೇ ಚಪ್ಪಲಿ, ಒಂದೇ ದಿನ: ಮಲಗಿಸಿ ತೆಗೆದ್ರೆ ಮೂವತ್ತು ಜನ, ನಿಲ್ಲಿಸಿ ತೆಗೆದ್ರೆ ಮುನ್ನೂರು. ಚಪ್ಪಲಿಯೊಳಗೆ ಒಂದು ಕಾಲು ಇಟ್ರೆ ಇನ್ನೂ ಜಾಸ್ತಿ. ಮುಖ ಇದ್ರಂತೂ ಕೇಳಬೇಡಿ."

ಟೀಚರು ಸುಲಭವಾಗಿ ಒಪ್ಪುವ ಪೈಕಿಯಲ್ಲ. ಪರೀಕ್ಷೆ ಆಗಲೇಬೇಕು ಎಂದರು. ಒಂದೇ ಕಾಲರನ್ನು ಮಲಗಿಸಿ ಒಂದು, ನಿಲ್ಲಿಸಿ ಒಂದು ತೆಗೆದು ಹಾಕಿದರು. ಮಲಗಿದ ಕಾಲರಿಗೆ ಹತ್ತು ಜನ ಸಿಕ್ಕರು, ನಿಂತ ಕಾಲರಿಗೆ ತೊಂಬತ್ತಾರು. ಟೀಚರು ಟೇಪು ತೆಗೆದು ಫೋನಿನ ಉದ್ದ ಅಗಲ ಅಳೆದರು. ಅಳತೆ ಸಿಕ್ಕ ಮೇಲೆ ಅವರನ್ನು ತಡೆಯುವವರು ಯಾರು? ಕಂದು ಕಾಗದದ ಮೇಲೆ ಗೆರೆ ಹಾಕಿ, ನಡುವೆ ಅದೇ ಅಳತೆಯ ಕಿಂಡಿ ಕತ್ತರಿಸಿ ತೆಗೆದು, ಆ ಕಾಗದವನ್ನು ಕಣ್ಣಿನ ಮುಂದೆ ಹಿಡಿದುಕೊಂಡು ಓಡಾಡತೊಡಗಿದರು. ಇಷ್ಟು ದಿನ ಜನರ ಅಂಗಿ ತಿರುವಿ ನೋಡುತ್ತಿದ್ದವರು ಈಗ ಕಾಗದದ ಕಿಂಡಿಯಿಂದ ಜನರನ್ನೇ ನೋಡುತ್ತಿದ್ದಾರೆ, ಪಾಪ, ಕೋಣೆ ಹೋಗುತ್ತೆ ಅಂತ ತಲೆ ಕೆಟ್ಟಿರಬೇಕು ಎಂದು ಕೆಳಗಿನ ಕಾವಲುಗಾರ ಮರುಗಿದ.

ಆ ಕಿಂಡಿಯಲ್ಲಿ ಅವರಿಗೆ ಒಂದು ವಿಷಯ ಕಂಡಿತು. ಟೇಬಲ್ಲು ಅದರಲ್ಲಿ ಹಿಡಿಯುವುದಿಲ್ಲ. ಮಿಷಿನ್ನಿನ ಸಾಲು ಹಿಡಿಯುವುದಿಲ್ಲ. ನಿಂತ ಮನುಷ್ಯ ಮಾತ್ರ ಅಳತೆ ತೆಗೆದು ಹೊಲಿದ ಹಾಗೆ ಸರಿಯಾಗಿ ಕೂರುತ್ತಾನೆ.

ಸರಿ, ಮನುಷ್ಯರೇ ಬೇಕು. ಅಕ್ಕ ತಂಗಿಯರಲ್ಲಿ ತಂಗಿ ನೋಡಲು ಲಕ್ಷಣವಾಗಿದ್ದಳು. ತಾನೇ ಹೊಲಿದ ಹಳದಿ ಫ್ರಾಕು ಹಾಕಿಕೊಂಡು ಕಿಟಕಿಯ ಬೆಳಕಿನಲ್ಲಿ ನಿಂತಳು. ತಮ್ಮನ ಮಗಳು ಫೋನ್ ನಿಲ್ಲಿಸಿ ಹಿಡಿದು ಫೋಟೋ ತೆಗೆದಳು. ಆ ಒಂದು ಫೋಟೋಗೆ ಎರಡು ದಿನದಲ್ಲಿ ಎರಡು ಸಾವಿರದ ನೂರು ಜನ ಲೈಕ್ ಒತ್ತಿದರು. ಟೀಚರು ಊಟ ಬಿಟ್ಟು ಅಂಕಿ ಏರುವುದನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಆಮೇಲೆ ಜನ ಬರೆದದ್ದನ್ನು ಓದಿದರು. ಫ್ರಾಕು ಎಲ್ಲಿ ಸಿಗುತ್ತೆ? ಹಳದಿ ಬಿಟ್ಟು ಬೇರೆ ಬಣ್ಣ ಇದೆಯಾ? ಹುಡುಗಿ ಯಾರು? ಹುಡುಗಿಗೆ ಮದುವೆ ಆಗಿದೆಯಾ? ಮೂರು ಕಡೆಯಿಂದ ಸಂಬಂಧ ಬಂತು, ಕಲಿಯಲು ಬಂದವರು ಮಾತ್ರ ಯಾರೂ ಇಲ್ಲ. ಸಾಲದ್ದಕ್ಕೆ ತಂಗಿಯ ಅಪ್ಪ ಬಂದು, ನನ್ನ ಮಗಳನ್ನು ಹೊಲಿಗೆಗೆ ಕಳಿಸಿದೆನೋ ಪ್ರದರ್ಶನಕ್ಕೆ ಕಳಿಸಿದೆನೋ ಎಂದು ಮುಖ ಸಿಂಡರಿಸಿ ಹೋದರು.

"ನಿಲ್ಲಿಸಿ ತೆಗೆದ್ರೆ ಜನ ನೋಡ್ತಾರೆ, ಅದು ನಿಜ" ಎಂದರು ಟೀಚರು. "ಒಳಗಡೆ ತೋರಿಸಿದೆ, ಹಳೆ ಬಟ್ಟೆ ಬಂತು. ಫ್ರಾಕು ತೋರಿಸಿದೆ, ಗಿರಾಕಿ ಬಂದರು. ಹುಡುಗಿ ತೋರಿಸಿದೆ, ಗಂಡು ಬಂದ. ಹೊಲಿಗೆ ಕಲಿಯೋರು ಬರಬೇಕಾದ್ರೆ ಏನೇ ತೋರಿಸ್ಲಿ?"

ತಿಂಗಳು ಮುಗಿಯಲು ಹನ್ನೆರಡು ದಿನವಿತ್ತು, ತಲೆ ಇನ್ನೂ ನಾಲ್ಕೇ. ಆ ಸಂಜೆ ಟೀಚರು ಮಿಷಿನ್ನುಗಳಿಗೆ ಎಣ್ಣೆ ಬಿಡುತ್ತಾ ಬಿಡುತ್ತಾ ಅತ್ತುಬಿಟ್ಟರು. ಯಾರೂ ನೋಡಲಿಲ್ಲ, ಆರು ಮಿಷಿನ್ನು ಮಾತ್ರ ಇದ್ದವು. ಅವಕ್ಕೂ ಸ್ವಲ್ಪ ಬೈದು ಮುಖ ತೊಳೆದುಕೊಂಡರು.

ಮಾರನೇ ದಿನ ಮಧ್ಯಾಹ್ನ ಒಬ್ಬ ಬಸ್ ಡ್ರೈವರು ಹದಿಮೂರನೇ ಮೂಟೆ ಹೊತ್ತು ಬಂದ. ಭವನದ ಎದುರಿನ ಸ್ಟಾಪಿನಲ್ಲಿ ದಿನಾ ಬಸ್ ನಿಲ್ಲಿಸುವವನು. ಬಾಗಿಲು ತುಂಬುವ ಆಳು, ತುಟಿ ಮುಚ್ಚುವ ಮೀಸೆ.

"ಹಳೆ ಬಟ್ಟೆ ಎಲ್ಲಿ ಇಡ್ಲಿ ಮೇಡಂ?"

"ನನ್ನ ತಲೆ ಮೇಲೆ ಇಡಿ!" ಎಂದು ಟೀಚರು ಸಿಡುಕಿದರು. ಅಷ್ಟರಲ್ಲಿ ಮೂಟೆಯ ಬಾಯಿಂದ ಇಣುಕಿದ ಖಾಕಿ ಅಂಗಿಯೊಂದು ಕಣ್ಣಿಗೆ ಬಿತ್ತು. ಎಳೆದು ತಿರುವಿ ನೋಡಿದರು. "ಇದಕ್ಕೇನಾಗಿದೆ? ಕಾಲರು ಒಂದು ಸವೆದಿದೆ. ಅಷ್ಟಕ್ಕೆ ಎಸೀತೀರಾ?"

"ಮತ್ತೇನ್ ಮಾಡೋದು? ದಿನವಿಡೀ ಕತ್ತು ತಿರುಗಿಸೋ ಕೆಲಸ, ಮೊದಲು ಸವೆಯೋದೇ ಅದು. ವರ್ಷಕ್ಕೆ ಮೂರು ಅಂಗಿ ಹೀಗೇ ಹೋಗುತ್ತೆ."

"ಕೂತ್ಕೊಳ್ಳಿ."

"ನಾನು ಡ್ಯೂಟಿ ಮುಗಿಸಿ..."

"ಕೂತ್ಕೊಳ್ಳಿ ಅಂದೆ."

ಇಪ್ಪತ್ತೇಳು ವರ್ಷ ಜನರನ್ನು ಕೂರಿಸಿದ ದನಿ ಅದು. ಡ್ರೈವರು ಕೂತ. ಟೀಚರು ಸಣ್ಣ ಕತ್ತರಿ ಕೈಗೆ ಕೊಟ್ಟು ಅವನಿಂದಲೇ ಕಾಲರಿನ ಹೊಲಿಗೆ ಬಿಚ್ಚಿಸಿದರು. ಬಿಚ್ಚಿದ ಕಾಲರನ್ನು ಹಿಂದುಮುಂದು ಮಾಡಿ ಸವೆದ ಬದಿ ಒಳಗೆ, ಸವೆಯದ ಬದಿ ಹೊರಗೆ ಬರುವಂತೆ ತೋರಿಸಿದರು. ಡ್ರೈವರಿಗೆ ಜಾದೂ ನೋಡಿದಂತಾಯಿತು. "ಅಯ್ಯೋ, ಇಷ್ಟು ವರ್ಷ ಹೊಸ ಅಂಗಿ ನನ್ನ ಕತ್ತಿನ ಮೇಲೇ ಇತ್ತಲ್ಲ ಟೀಚರ್!" ಎಂದ. ಮೇಡಂ ಎನ್ನುತ್ತಿದ್ದವನು ಯಾವಾಗ ಟೀಚರ್ ಎನ್ನತೊಡಗಿದನೋ ಅವನಿಗೇ ಗೊತ್ತಾಗಲಿಲ್ಲ.

ಅರ್ಧ ದಿನದ ರಜೆ ಹಾಕಿ ಅಲ್ಲಿಗೆ ಬಂದಿದ್ದ ತಮ್ಮನ ಮಗಳು ಇದನ್ನೆಲ್ಲ ನೋಡುತ್ತಿದ್ದಳು. ಡ್ರೈವರು ಸೂಜಿಗೆ ದಾರ ಪೋಣಿಸಲು ನಾಲಿಗೆ ಕಚ್ಚಿಕೊಂಡು ಒಂದು ಕಣ್ಣು ಮುಚ್ಚಿದಾಗ ಒಂದು ಫೋಟೋ ತೆಗೆದಳು. ಮಿಷಿನ್ನಿನ ಮೇಲೆ ಸ್ಟೇರಿಂಗ್ ಹಿಡಿದಂತೆ ಬಗ್ಗಿ ಕೂತಾಗ ಒಂದು. ಕೊನೆಗೆ ತಾನೇ ಹೊಲಿದ ಕಾಲರನ್ನು ಗಲ್ಲದ ಕೆಳಗೆ ಹಿಡಿದುಕೊಂಡು ಅವನು ಎದ್ದು ನಿಂತು ನಕ್ಕ ನಗೆ! ಅದನ್ನು ಕಂಡಿದ್ದರೆ ಕಾರ್ಯದರ್ಶಿಗಳ ಕುರ್ಚಿಗಳೂ ನಗುತ್ತಿದ್ದವು. ನಿಂತ ಫೋನಿನಲ್ಲಿ ನಿಂತ ಮನುಷ್ಯ ತಲೆಯಿಂದ ಸೊಂಟದವರೆಗೆ ಸರಿಯಾಗಿ ತುಂಬಿಕೊಂಡಿದ್ದ.

"ಇದು ಹಾಕೋಣ ಅತ್ತೆ."

ಟೀಚರು ಕನ್ನಡಕ ಏರಿಸಿ ನೋಡಿದರು. "ಹಾಕೋಣ, ಆದ್ರೆ ಇವತ್ತಲ್ಲ. ಕಾಲರು ಎಡಕ್ಕೆ ಎಳೆದಿದೆ. ಬಿಚ್ಚಿ ಇನ್ನೊಂದು ಸಲ ಹೊಲೀಲಿ, ಆಮೇಲೆ ತೆಗಿ."

"ಬಿಚ್ಚಿದ್ರೆ ಆ ನಗು ಮತ್ತೆ ಬರಲ್ಲ."

"ಸೊಟ್ಟ ಹೊಲಿಗೆ ನನ್ನ ಹೆಸರಲ್ಲಿ ಊರಿಗೆಲ್ಲ ತೋರಿಸೋದಾ? ನನ್ನ ಬಾಗಿಲಿಂದ ಇವತ್ತಿನವರೆಗೂ ಒಂದು ಸೊಟ್ಟ ಹೊಲಿಗೆ ಆಚೆ ಹೋಗಿಲ್ಲ ಕಣೇ."

"ಗೊತ್ತು" ಎಂದಳು ತಮ್ಮನ ಮಗಳು. "ಸೊಟ್ಟ ಹೊಲಿದೋರು ಮಾತ್ರ ಆಚೆ ಹೋದರು. ನಾನೂ ಹೋದೆ."

ಅದು ನಿಜವಾಗಿತ್ತು. ಹದಿಮೂರನೇ ವಯಸ್ಸಿನಲ್ಲಿ ಅವಳು ಅತ್ತೆಯ ತರಗತಿಗೆ ಬಂದದ್ದು ಎರಡೇ ದಿನ. ಎರಡನೇ ದಿನ ಒಂದು ದಿಂಬಿನ ಚೀಲ ಹೊಲಿದು, ಓಡಿ ಬಂದು ತೋರಿಸಿದ್ದಳು. ಅತ್ತೆ ಎಲ್ಲರ ಎದುರಿಗೆ ಪರ ಪರ ಬಿಚ್ಚಿ ಕೈಗೆ ಕೊಟ್ಟಿದ್ದರು. ಮೂರನೇ ದಿನ ಹುಡುಗಿಗೆ ಹೊಟ್ಟೆನೋವು ಬಂತು, ನಾಲ್ಕನೇ ದಿನವೂ ಬಂತು, ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಹೊಲಿಗೆ ಕೈಗೆ ಹತ್ತದ ಹುಡುಗಿ ಎಂದು ಟೀಚರು ಸುಮ್ಮನಾಗಿದ್ದರು. ಇಷ್ಟು ವರ್ಷವಾದ ಮೇಲೆ ಅವರಿಗೆ ಆ ಚೀಲದ ಸೊಟ್ಟ ಹೊಲಿಗೆ ನೆನಪಿತ್ತು. ಅದನ್ನು ತೋರಿಸಲು ಬಂದ ಮುಖ ಹೇಗಿತ್ತು ಎಂದು ನೆನಪಾಗಲಿಲ್ಲ. ಅದಕ್ಕೆ ಅವರಿಗೆ ತುಂಬ ಸಂಕಟವಾಯಿತು.

"ಇನ್ನೂ ಸಿಟ್ಟಿದೆಯೇನೇ?"

"ಸಿಟ್ಟಲ್ಲ ಅತ್ತೆ. ಆದ್ರೆ ಒಂದು ಯೋಚನೆ ಮಾಡಿ. ನಿಮ್ಮ ಹೊಲಿಗೆ ನೋಡಿದವರಿಗೆ ಇದು ನಮ್ಮ ಕೈಲಾಗಲ್ಲ ಅನ್ಸುತ್ತೆ. ಇವರದ್ದು ನೋಡಿದ್ರೆ, ಇವರಿಗೇ ಬಂತು ಅಂದ್ರೆ ನನಗೂ ಬರುತ್ತೆ ಅನ್ಸುತ್ತೆ."

"ಇವರಿಗೇ ಅಂದ್ರೆ ಏನಮ್ಮ?" ಎಂದ ಡ್ರೈವರು.

ಟೀಚರು ಫೋಟೋದ ಕಾಲರನ್ನು ಮತ್ತೊಮ್ಮೆ ನೋಡಿದರು. ಅರ್ಧ ಇಂಚು ಎಡಕ್ಕೆ. ಕೈ ತಾನಾಗಿಯೇ ಸಣ್ಣ ಕತ್ತರಿಯ ಕಡೆ ಹೋಯಿತು. ಹಲ್ಲು ಕಚ್ಚಿಕೊಂಡು ಕತ್ತರಿಯನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದರು. "ಹಾಕು. ನಾನು ಆ ಕಡೆ ತಿರುಗಿರ್ತೀನಿ" ಎಂದರು. ಕೆಳಗೆ ಏನು ಬರೆಯುವುದು ಎಂದು ಅವಳು ಕೇಳಿದಾಗ, "ಗಮನಿಸಿ ಅಂತ ಮಾತ್ರ ಬರೀಬೇಡ" ಎಂದರು. ಅವಳು ಬರೆದಳು: "ಇದು ಇವರ ಮೊದಲ ಹೊಲಿಗೆ. ನಿಮ್ಮದು ಯಾವಾಗ?"

ಲೈಕು ಬಂದದ್ದು ಆರುನೂರ ನಲವತ್ತು. ಹಳದಿ ಫ್ರಾಕಿನ ಮುಂದೆ ಅದು ಮೂರರಲ್ಲಿ ಒಂದು ಭಾಗವೂ ಅಲ್ಲ. ಆದರೆ ಪ್ರಶ್ನೆಗಳೇ ಬೇರೆಯಾಗಿದ್ದವು. ಗಂಡಸರಿಗೂ ಹೇಳಿಕೊಡ್ತೀರಾ? ನನಗೆ ಗುಂಡಿ ಹಾಕೋಕೂ ಬರಲ್ಲ, ಪರವಾಗಿಲ್ವಾ? ಎಪ್ಪತ್ತು ವರ್ಷ ಆದವರು ಬರಬಹುದಾ? ಟೀಚರು ಜೋರಾ? ಈ ಕೊನೆಯದಕ್ಕೆ ಡ್ರೈವರೇ ಉತ್ತರ ಹಾಕಿದ: "ಜೋರು. ಆದ್ರೆ ಬನ್ನಿ."

ಮೊದಲು ಬಂದದ್ದು ಪಕ್ಕದ ಬೀದಿಯ ಸಲೂನಿನವನು. ಕತ್ತರಿ ಹಿಡಿಯುವುದು ನನಗೆ ಹೊಸದೇನಲ್ಲ, ಕೂದಲಿಗಿಂತ ಬಟ್ಟೆ ಸುಮ್ಮನೆ ಕೂರುತ್ತೆ ಎಂದ. ಆಮೇಲೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಯಾರು ನೆಟ್ಟಗೆ ಹೊಲಿಯುತ್ತಾರೆ ಎಂದು ಪಂದ್ಯ ಕಟ್ಟಿಕೊಂಡು ಬಂದರು. ಎಪ್ಪತ್ತರ ಅಜ್ಜಿ ಒಬ್ಬರು ಬಂದರು. ಗಣಿತದ ಮೇಷ್ಟರೊಬ್ಬರು ಬಂದು, ತೋಳಿನ ಸುತ್ತಳತೆ ತೆಗೆಯುವ ಬಗೆ ಕೇಳಿ, ಅದರಲ್ಲಿ ತಪ್ಪು ಹುಡುಕಿ, ಸಿಗದೆ ಸೇರಿಕೊಂಡರು. ಹೆಸರು ಒಂಬತ್ತಾಯಿತು. ಹತ್ತನೆಯವನು ಡ್ರೈವರು. ಇನ್ನೇನು ಬೇಕು ಎಂದು ಟೀಚರು ನಿಶ್ಚಿಂತೆಯಾಗಿದ್ದರೆ, ಕೊನೆಯ ದಿನ ಬೆಳಿಗ್ಗೆ ಡ್ರೈವರಿನ ಫೋನ್ ಬಂತು. ಅವನ ಬದಲಿಗೆ ಬರಬೇಕಾದವನಿಗೆ ಜ್ವರ. ಇವನಿಗೇ ಸಂಜೆಯ ಡ್ಯೂಟಿ ಬಿದ್ದಿತ್ತು.

ಐದಕ್ಕೆ ಹತ್ತು ನಿಮಿಷ ಇರುವಾಗ ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದರು. ಪೆನ್ನಿನ ತುದಿಯಿಂದ ಒಂದೊಂದೇ ತಲೆ ಎಣಿಸಿದರು. ತಮ್ಮನ ಮಗಳನ್ನು ಎಣಿಸಲು ಹೋದಾಗ ಟೀಚರೇ, "ಅವಳು ನಮ್ಮ ಮನೆಯವಳು, ಫೋಟೋಗೆ ಬಂದಿದಾಳೆ. ಸುಳ್ಳು ಹೆಸರು ಈ ಸಲ ಬೇಡ" ಎಂದುಬಿಟ್ಟರು. ತಮ್ಮನ ಮಗಳು ಹಣೆ ಚಚ್ಚಿಕೊಂಡಳು.

"ಒಂಬತ್ತು, ಟೀಚರ್."

"ಇನ್ನೂ ಐದಾಗಿಲ್ಲ ಸಾರ್."

ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಒಂದು ಬಸ್ಸು ಬಂತು, ಅದು ಅವನದಲ್ಲ. ಇನ್ನೊಂದು ಬಂತು, ಅದೂ ಅಲ್ಲ. ಐದಕ್ಕೆ ಮೂರು ನಿಮಿಷ. ಅಜ್ಜಿ ಕಾರ್ಯದರ್ಶಿಗೆ ನೀರು ಕೊಟ್ಟರು, ಕುಡಿದು ಮುಗಿಸುವ ಮೊದಲೇ ಇನ್ನೊಂದು ಲೋಟ ಕೊಟ್ಟರು. ಆಗ ಬೀದಿಯ ತಿರುವಿನಲ್ಲಿ ಹಾರ್ನು ಕೇಳಿಸಿತು. ಒಂದು, ಎರಡು, ಮೂರು ಸಲ. ಬಸ್ಸು ಸ್ಟಾಪಿನಲ್ಲಿ ನಿಂತಿತು. ಡ್ರೈವರು ಇಳಿದು, ಬಸ್ಸಿನ ಕಿಟಕಿಗಳತ್ತ ತಿರುಗಿ, "ಎರಡೇ ನಿಮಿಷ, ಒಂದು ಸಹಿ ಹಾಕಿ ಬಂದುಬಿಡ್ತೀನಿ!" ಎಂದು ಕೂಗಿದ. ಬಸ್ಸಿನೊಳಗೆ ಅವನ ಫೋಟೋ ನೋಡಿದವರು ಯಾರೋ ಇದ್ದರು. "ಹೋಗಪ್ಪಾ, ಬೇಗ ಹೋಗು, ಕಾಲರ್ ಡ್ರೈವರ್!" ಎಂದು ಅವರೇ ಅವನನ್ನು ಓಡಿಸಿದರು. ಕಂಡಕ್ಟರು ಸೀಟಿ ಊದಿದ.

ಡ್ರೈವರು ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದು, ಏದುಸಿರು ಬಿಡುತ್ತಾ ಸಹಿ ಹಾಕಿದ. ಕಾರ್ಯದರ್ಶಿ ಗಡಿಯಾರ ನೋಡಿದರು, ಸಹಿ ನೋಡಿದರು, ಅವನ ಖಾಕಿ ಅಂಗಿ ನೋಡಿದರು.

"ನೀವು ನಿಜವಾಗ್ಲೂ ಕಲಿಯೋಕೆ ಬರ್ತೀರಾ, ಅಥವಾ ಇವತ್ತಿಗೆ ಮಾತ್ರನಾ?"

"ಇಲ್ನೋಡಿ ಸಾರ್, ಈ ಕಾಲರು ನಾನೇ ಹೊಲಿದದ್ದು" ಎಂದು ಡ್ರೈವರು ಕತ್ತು ಮುಂದೆ ಚಾಚಿದ.

ಕಾರ್ಯದರ್ಶಿ ಬಗ್ಗಿ ನೋಡಿದರು. "ಸೊಟ್ಟ ಇದೆಯಲ್ರೀ."

ಎಲ್ಲರೂ ಟೀಚರ ಮುಖ ನೋಡಿದರು. ಟೀಚರು ಮುಂದೆ ಬಂದು ಡ್ರೈವರಿನ ಭುಜದ ಮೇಲೆ ಕೈಯಿಟ್ಟರು.

"ಸೊಟ್ಟ ಇದೆ ಸಾರ್. ಅ‌ದಕ್ಕೇ ಅಲ್ವಾ ಅವರು ಇಲ್ಲಿಗೆ ಬಂದಿರೋದು? ನೆಟ್ಟಗೆ ಹೊಲಿಯೋರೇ ಬರಲಿ ಅಂತ ಇಷ್ಟು ವರ್ಷ ಕಾದೆ. ನೆಟ್ಟಗೆ ಹೊಲಿಯೋರಿಗೆ ನಾನ್ಯಾಕೆ ಬೇಕು ಹೇಳಿ?"

ಹೇಳಿದ್ದು ಕಾರ್ಯದರ್ಶಿಗೆ. ನೋಡಿದ್ದು ಮಾತ್ರ ತಮ್ಮನ ಮಗಳ ಕಡೆಗೆ. ಅವಳು ಫೋನ್ ನೋಡುವವಳಂತೆ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು.

ಕಾರ್ಯದರ್ಶಿ ಪುಸ್ತಕದಲ್ಲಿ ಹತ್ತು ಎಂದು ಬರೆದು, ಅದರ ಸುತ್ತ ಒಂದು ಸೊನ್ನೆ ಸುತ್ತಿದರು. "ಕುರ್ಚಿ ಮೆಟ್ಟಿಲ ಕೆಳಗೆ ಒಂದರ ಮೇಲೊಂದು ಪೇರಿಸ್ತೀನಿ ಬಿಡಿ" ಎಂದರು. ಕೆಳಗೆ ಕಂಡಕ್ಟರು ಮತ್ತೆ ಸೀಟಿ ಊದಿದ.

"ಒಂದು ಫೋಟೋ, ಒಂದೇ ಒಂದು!" ಎಂದು ತಮ್ಮನ ಮಗಳು ಎಲ್ಲರನ್ನೂ ಕಿಟಕಿಯ ಮುಂದೆ ನಿಲ್ಲಿಸಿದಳು. ಫೋನನ್ನು ನಿಲ್ಲಿಸಿ ಹಿಡಿದರೆ ಐದು ಜನ ಮಾತ್ರ ಅದರೊಳಗೆ ಬಂದರು. ಅವಳು ಹಿಂದೆ ಹಿಂದೆ ಸರಿದಳು, ಗೋಡೆಗೆ ಬೆನ್ನು ತಾಗಿತು. ಆಗಲೂ ಒಂದು ಕಡೆ ಅಜ್ಜಿ ಆಚೆ, ಇನ್ನೊಂದು ಕಡೆ ಮೇಷ್ಟರು ಆಚೆ. ಅವಳು ಫೋನನ್ನು ಅಡ್ಡ ತಿರುಗಿಸಿದಳು. ಹತ್ತು ಜನವೂ, ನಡುವೆ ಟೀಚರೂ, ತುದಿಯಲ್ಲಿ ಅರ್ಧ ಕಾರ್ಯದರ್ಶಿಯೂ ಅದರಲ್ಲಿ ಬಂದರು.

ಆ ಫೋಟೋಗೆ ನಲವತ್ತೊಂದು ಲೈಕು ಬಂತು. ಟೀಚರಿಗೆ ಅದನ್ನು ನೋಡಲು ಪುರಸೊತ್ತಾಗಲಿಲ್ಲ. ಮರುದಿನ ಡ್ರೈವರಿಗೆ ರಜೆಯಿತ್ತು; ಹತ್ತು ಗಂಟೆಗೆಲ್ಲ ಹತ್ತೂ ಜನ ಬಂದು, ಇರುವ ಆರು ಮಿಷಿನ್ನಿಗೆ ಜಗಳ ಶುರುಮಾಡಿದ್ದರು.